ಬಾಡಿ ಬಂದೈತಿ

ಫೆಬ್ರವರಿ ೧೦, ಸೋಮವಾರ

ಈ ನೋಟ್‌ಬುಕ್ಕು ಮಾವನವರ ಔಷಧ ಬರೆದಿಡಲು ತಂದದ್ದು. ಯಾವ ಮಾತ್ರೆ ಎಷ್ಟು ಗಂಟೆಗೆ, ಜ್ವರ ಎಷ್ಟು, ಮೂತ್ರ ಎಷ್ಟು ಸಲ. ಇನ್ನೂರು ಪುಟದ ಪುಸ್ತಕಕ್ಕೆ ಅವರ ಕಾಯಿಲೆ ನಾಲ್ಕು ಪುಟವೂ ಆಗುವುದಿಲ್ಲ. ಹಾಗಾಗಿ ಹಿಂದಿನಿಂದ ತಿರುಗಿಸಿ ನಾನು ಬರೆಯುತ್ತಿದ್ದೇನೆ. ಡಿಗ್ರಿ ಮುಗಿಸಿ ಹದಿಮೂರು ವರ್ಷಕ್ಕೆ ಮತ್ತೆ ಪೆನ್ನು ಹಿಡಿದೆ, ಅದೂ ಮೂತ್ರ ಬರೆಯಲು.

ಆದದ್ದು ಇಷ್ಟು. ಹೋದ ಮಂಗಳವಾರ ಮಾವ ಗೋಣೆಪ್ಪನವರು ಶಿಗ್ಲಿಯ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು ಯಾರನ್ನೋ ಬೈಯುತ್ತಿದ್ದರು. ಬೈಗುಳದ ಭರಕ್ಕೆ ಒಂದು ಹೆಜ್ಜೆ ಹೆಚ್ಚು ಇಟ್ಟರು. ಸೊಂಟದ ಎಲುಬು ಮುರಿಯಿತು. ಗದಗಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಿದೆ. ಎಪ್ಪತ್ತು ವರ್ಷದ ಭಾರೀ ಆಳು. ರಾತ್ರಿ ನನ್ನ ಗಂಡ ಫಕೀರೇಶ ಇರುತ್ತಾರೆ, ಹಗಲು ಅತ್ತೆಯವರು, ಮನೆ ಮತ್ತು ಆಸ್ಪತ್ರೆಯ ನಡುವೆ ಬುತ್ತಿಯ ಗಂಟಿನ ಜೊತೆ ನಾನು.

ಇವತ್ತು ನರ್ಸು ಮಾವನವರನ್ನು ಮೊದಲ ಸಲ ಎಬ್ಬಿಸಿ ಕೂರಿಸಿದಳು. ಒಂದು ಕಡೆ ಅವಳು, ಇನ್ನೊಂದು ಕಡೆ ಅತ್ತೆಯವರು. ಅರ್ಧ ಎದ್ದಿರಬೇಕು, ಅತ್ತೆಯವರ ಕುಪ್ಪಸದ ಗಂಟು ಬಿಚ್ಚಿತು. ಅವರು ಈ ಕಾಲದವರಂತೆ ಹುಕ್ಕಿನ ಜಂಪರ್ ತೊಡುವವರಲ್ಲ. ಖಣದ ಕುಪ್ಪಸ, ಎದೆಯ ಕೆಳಗೆ ಎರಡು ತುದಿ ಎಳೆದು ಕಟ್ಟುವ ಗಂಟು, ಒಳಗೆ ಏನೂ ಇಲ್ಲ. ಒಂದು ಕೈ ಗಂಡನಿಂದ ತೆಗೆದು ಎದೆಗೆ ಒಯ್ದರು. ಮಾವನವರು ವಾಲಿದರು. ನರ್ಸು ಹಿಡಿಯದಿದ್ದರೆ ಬೀಳುತ್ತಿದ್ದರು.

"ಏ ಇಕಿ! ನನ್ನ ಹಿಡ್ಯಾಕ ಬಂದಿ ಏನ ನಿನ್ನ ಹಿಡ್ಕೊಳ್ಳಾಕ ಬಂದಿ?" ಎಂದು ಕೂಗಿದರು. ಇಡೀ ವಾರ್ಡು ತಿರುಗಿ ನೋಡಿತು.

ಅತ್ತೆಯವರ ಹೆಸರು ಅಮೃತವ್ವ ಎಂಬುದೇ ನನಗೆ ಆಸ್ಪತ್ರೆಯ ಚೀಟಿಯಲ್ಲಿ ಓದಿದ ಮೇಲೆ ನೆನಪಾಯಿತು. ಮನೆಯಲ್ಲಿ ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ.

ಫೆಬ್ರವರಿ ೧೩, ಗುರುವಾರ

ಪಕ್ಕದ ಮಂಚದ ಮುಂಡರಗಿಯ ಮುದುಕ ಬೆಳಿಗ್ಗೆ ತೀರಿಕೊಂಡ. ಮಗ ದ್ಯಾಮಪ್ಪ ಬಾಗಿಲಿಗೂ ಕೌಂಟರಿಗೂ ಓಡಾಡುತ್ತ "ಬಾಡಿ ಯಾವಾಗ ಕೊಡ್ತೀರಿ, ಬಾಡಿ ಯಾವಾಗ ಕೊಡ್ತೀರಿ" ಎಂದು ಕೇಳುತ್ತಿದ್ದ.

ಅತ್ತೆಯವರು ನನ್ನ ಸೆರಗು ಜಗ್ಗಿದರು. "ಬಾಡಿ ಅಂದ್ರ ಏನ ಭಾಗ್ಯಾ?"

"ಹೆಣ ರೀ ಅತ್ತಿ. ದವಾಖಾನ್ಯಾಗ ಹಂಗ ಅಂತಾರ."

"ನಿನ್ನಿ ತನಕ ಅಪ್ಪ ಅಂತಿದ್ದ" ಎಂದರು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ, ನನ್ನ ಮುಖ ನೋಡದೆ, ರೊಟ್ಟಿಗೆ ಹೇಳುವಂತೆ ಹೇಳಿದರು: "ನೀ ಒಳಗ ಹಾಕೋತಿ ನೋಡು, ಅದು. ಅದು ಬಿಚ್ಚಂಗಿಲ್ಲಲ್ಲ?"

ಬಿಚ್ಚುವುದಿಲ್ಲ ಎಂದೆ.

"ನನ್ನಂಥಾಕಿಗೂ ಸಿಗ್ತಾವೇನ?"

ಫೆಬ್ರವರಿ ೧೪, ಶುಕ್ರವಾರ

ಇವತ್ತು ನನ್ನ ಗಂಡ ಹಗಲೂ ಆಸ್ಪತ್ರೆಯಲ್ಲೇ ಉಳಿದರು, ನಾವಿಬ್ಬರೂ ಮನೆಯಲ್ಲಿ. ಬಾಗಿಲು ಹಾಕಿ ಹೊಲಿಗೆಯ ಟೇಪು ತಂದೆ. ಅತ್ತೆಯವರು ಗೋಡೆಗೆ ಮುಖ ಮಾಡಿ ನಿಂತರು.

ಹನ್ನೆರಡು ವರ್ಷ ಒಂದೇ ಮನೆಯಲ್ಲಿದ್ದೇವೆ. ಅವರ ಬೆನ್ನನ್ನು ನಾನು ನೋಡಿರಲಿಲ್ಲ. ಹೆಗಲಿನ ಕೆಳಗೆ ಬೆಳ್ಳಗಿದೆ, ಬೇರೆ ಯಾರದೋ ಎನ್ನುವಷ್ಟು. ಎದೆಯ ಕೆಳಗೆ ಬೆವರುಸಾಲೆ ಕೆಂಪಗೆ ಹರಡಿದೆ. ಕೆರೆದ ಗುರುತುಗಳು ಹಳೆಯವೂ ಇವೆ, ಹೊಸವೂ ಇವೆ.

"ಕೈ ಎತ್ರಿ ಅತ್ತಿ."

"ಕೈ ಎತ್ತಿದ್ರ ಎಲ್ಲಾ ಕಾಣತೈತಿ."

"ಕಾಣದ ಅಳತಿ ಹ್ಯಾಂಗ ತಗೊಳ್ಳಿ?"

ಎತ್ತಿದರು. ಎದೆಯ ಕೆಳಗೆ ಮೂವತ್ತಾರು, ಮೇಲೆ ಮೂವತ್ತೊಂಬತ್ತು. ಟೇಪು ತಣ್ಣಗಿದೆ ಎಂದು ಒಮ್ಮೆ ನಕ್ಕರು. ಆಮೇಲೆ ಕುಪ್ಪಸದ ಗಂಟು ಬಿಗಿಯುತ್ತ, "ಫಕೀರೇಶಗ ಹೇಳಬ್ಯಾಡ. ಮನಿಯಾವರಿಗಂತೂ ಬ್ಯಾಡ" ಎಂದರು. ಮನೆಯವರೆಂದರೆ ಅವರ ಗಂಡ.

ನಾನೂ ಒಂದು ಮಾತು ಹೇಳಬಹುದಿತ್ತು. ಮದುವೆಯಾಗಿ ಬಂದ ಎಂಟನೆಯ ದಿನ ನಾನು ನನ್ನ ಬ್ರಾ ತೊಳೆದು ಅಂಗಳದ ತಂತಿಯ ಮೇಲೆ ಹಾಕಿದ್ದೆ. ಇದೇ ಅತ್ತೆಯವರು ಅದನ್ನು ಕೋಲಿನ ತುದಿಯಿಂದ ಎತ್ತಿ ತಂದು ಬಚ್ಚಲಲ್ಲಿ ಕೆಡವಿ, "ಮನ್ಯಾಗ ಗಂಡಸರು ಅದಾರ" ಎಂದಿದ್ದರು. ಸತ್ತ ಇಲಿಯನ್ನು ಹಾಗೆ ಎತ್ತುತ್ತಾರೆ. ಅಂದಿನಿಂದ ನನ್ನವು ಬಚ್ಚಲ ಹಿಂದಿನ ಗೂಟಕ್ಕೆ, ಹಳೆ ಲಂಗದ ಅಡಿಯಲ್ಲಿ ಒಣಗುತ್ತವೆ. ಒಣಗುತ್ತವೆ ಎನ್ನುವುದು ಸುಳ್ಳು. ಹಸಿಯಾಗಿಯೇ ತೊಡುತ್ತೇನೆ.

ಟೇಪು ಸುತ್ತಿಟ್ಟೆ.

ಫೆಬ್ರವರಿ ೧೭, ಸೋಮವಾರ

ಬೆಟಗೇರಿಯಲ್ಲಿ ಹೆಂಗಸೊಬ್ಬಳೇ ನಡೆಸುವ ಅಂಗಡಿಯಿದೆ ಎಂದು ನರ್ಸು ಹೇಳಿದ್ದಳು. ಹೋದೆ. ಕಾಂಚನಾ ಎಂದು ಅವಳ ಹೆಸರು, ನನಗಿಂತ ಐದಾರು ವರ್ಷ ದೊಡ್ಡವಳು. ಅತ್ತೆಯವರ ಅಳತೆ ಹೇಳಿದೆ. ಕೆಳಗಿನ ಅಳತೆಯಿಂದ ನಂಬರು, ಮೇಲಿನದಕ್ಕೂ ಕೆಳಗಿನದಕ್ಕೂ ಎಷ್ಟು ಅಂತರವೋ ಅದರಿಂದ ಬಟ್ಟಲಿನ ಅಳತೆ, ಅಂದರೆ ಕಪ್, ಎಂದು ವಿವರಿಸಿದಳು. ವಯಸ್ಸಾದವರಿಗೆ ಕೈ ಹಿಂದೆ ಹೋಗುವುದಿಲ್ಲ, ಮುಂದೆ ಹುಕ್ಕಿರುವುದು, ಅಗಲ ಪಟ್ಟಿಯದು, ಹತ್ತಿ ಬಟ್ಟೆಯದು ಬೇಕು ಎಂದಳು.

ಆಮೇಲೆ ನನ್ನನ್ನು ನೋಡಿದಳು. "ನಿಮ್ಮದು ಎಷ್ಟ ನಂಬರು?"

"ಮೂವತ್ತೆರಡು."

"ಯಾರ ಹೇಳಿದ್ರು?"

"ಮದವಿ ಜವಳಿ ತಗೊಳ್ಳುಮುಂದ ಅಂಗಡ್ಯಾಂವ ನೋಡಿ ಕೊಟ್ಟಿದ್ದ."

ಪರದೆಯ ಹಿಂದೆ ಕರೆದೊಯ್ದು ಅಳೆದಳು. ಮೂವತ್ತಾರು! ಹನ್ನೆರಡು ವರ್ಷ ಒಬ್ಬ ಗಂಡಸಿನ ಅಂದಾಜನ್ನು ತೊಟ್ಟುಕೊಂಡಿದ್ದೆ. ಹೆಗಲ ಮೇಲಿನ ಎರಡು ಕಪ್ಪು ಗೆರೆಗಳನ್ನು ಹುಟ್ಟಿನಿಂದ ಬಂದವು ಎಂದೇ ತಿಳಿದಿದ್ದೆ.

ನನಗೆ ಬೇಕಾದದ್ದು ಸಿಕ್ಕಿತು. ಮುಂದೆ ಹುಕ್ಕಿನದು ಮಾತ್ರ ಖಾಲಿಯಾಗಿತ್ತು. ಬುಧವಾರ ಲಕ್ಷ್ಮೇಶ್ವರದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ, ಕಂಡಕ್ಟರು ಪರಿಚಯ ಎಂದಳು. ಫೋನ್ ನಂಬರು ಕೇಳಿದಳು. ಗಂಡನ ಫೋನು ಕೆಟ್ಟು ನನ್ನದು ಆಸ್ಪತ್ರೆಯಲ್ಲಿ ಅವರ ಕೈಯಲ್ಲಿದೆ. ಅದಕ್ಕೆ ಕರೆ ಹೋದರೆ ಗುಟ್ಟು ಉಳಿಯುವುದಿಲ್ಲ. ಮನೆಯಲ್ಲಿರುವ ಬಟನ್ ಫೋನಿನ ನಂಬರು ಕೊಟ್ಟೆ.

ಕಾಂಚನಾ ಪೊಟ್ಟಣದ ಮೇಲೆ ಹಚ್ಚಲು ಚೀಟಿ ಬರೆದಳು. ಹೆಸರು, ಊರು, ಕೆಳಗೆ ಸರಕು. ಅಂಗಡಿಯವರು ಇದಕ್ಕೆ ಬ್ರಾ ಎನ್ನುವುದಿಲ್ಲ. ಅವಳು ಬರೆದ ಪದವನ್ನು ನಾನು ಓದಿದೆ, ಏನೂ ಅನ್ನಿಸಲಿಲ್ಲ.

ಫೆಬ್ರವರಿ ೧೯, ಬುಧವಾರ

ಕ್ರಮವಾಗಿ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆ ನನಗೇ ನಂಬಿಕೆ ಬರುವುದಿಲ್ಲ.

ಅತ್ತೆಯವರು ತಲೆಗೆ ನೀರು ಹಾಕಿಕೊಳ್ಳಲು ಮನೆಗೆ ಬಂದಿದ್ದರು. ನಾನು ಹನ್ನೊಂದಕ್ಕೆ ಲಕ್ಷ್ಮೇಶ್ವರಕ್ಕೆ ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಕಾಯ್ದೆ. ಪೊಟ್ಟಣ ಇಸಿದುಕೊಂಡೆ. ಬಸ್ಸು ಶಿರಹಟ್ಟಿಯಲ್ಲಿ ನಿಂತಾಗ ಕಂಡಕ್ಟರ್ ಸೋಮೇಶ ಚೀಟಿಯ ಮೇಲಿನ ನಂಬರಿಗೆ ಫೋನು ಮಾಡಿದ್ದ ಎಂಬುದು ನನಗೆ ಗೊತ್ತಿರಲಿಲ್ಲ. ಬಟನ್ ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲಿದ್ದವರಿಗೂ ಕೇಳುತ್ತದೆ. ಫೋನು ಎತ್ತಿದವರು ಅತ್ತೆಯವರು, ನೆರೆಮನೆಯ ಸುಮಿತ್ರವ್ವ ಪಕ್ಕದಲ್ಲೇ ಇದ್ದಳು. ಅವನ ಮಾತು ಹೀಗಿತ್ತೆಂದು ಆಮೇಲೆ ಅವಳೇ ಹೇಳಿದಳು.

"ಗೋಣೆಪ್ಪ ಅವರ ಮನಿ ಏನ್ರಿ? ಗದಗಿಂದ ಬಾಡಿ ಬಂದೈತ್ರಿ. ಲಕ್ಷ್ಮೇಶ್ವರ ಸ್ಟ್ಯಾಂಡಿಗೆ ಬಂದು ಇಸ್ಕೊಂಡು ಹೋಗ್ರಿ. ಜಲ್ದಿ ಬರ್ರಿ, ನಾ ಬಾಳ ಹೊತ್ತು ಇಟ್ಕೊಂಡು ನಿಂದ್ರಾಂಗಿಲ್ಲ."

ಹೆಣವನ್ನು ಯಾರೂ ಕೆಂಪು ಬಸ್ಸಿನಲ್ಲಿ ಕಳಿಸುವುದಿಲ್ಲ ಎಂದು ಯೋಚಿಸಲು ಶಾಂತ ತಲೆ ಬೇಕು. ಸುಮಿತ್ರವ್ವನ ಮಗ, ಆಸ್ಪತ್ರೆಯಲ್ಲಿ ಗಂಡನ ಕೈಯಲ್ಲಿದ್ದ ನನ್ನ ಫೋನಿಗೆ ಕರೆ ಮಾಡಿದ. ಚಾರ್ಜು ಮುಗಿದು ಅದು ಆಫ್ ಆಗಿತ್ತು. ಎಲ್ಲರಿಗೂ ಖಾತ್ರಿಯಾಯಿತು.

ನಾನು ಟಂಟಂ ಆಟೋ ಇಳಿದು ಓಣಿಗೆ ಬಂದಾಗ ನಮ್ಮ ಅಂಗಳದಲ್ಲಿ ಮೂವತ್ತು ಜನ. ಹಿರಿಯ ಈಶಪ್ಪನವರು ಕುಣಿ ಎಲ್ಲಿ ತೋಡಿಸಬೇಕು ಎಂದು ಮಾತಾಡುತ್ತಿದ್ದರು. ನನ್ನನ್ನು ಕಂಡು ಹೆಂಗಸರು ದನಿ ಎತ್ತಿ ಅತ್ತರು. ಮಧ್ಯದಲ್ಲಿ ಅತ್ತೆಯವರು ಕಾಲು ಚಾಚಿ ಕೂತಿದ್ದರು. ಒದ್ದೆ ಕೂದಲು ಬಿಚ್ಚಿಯೇ ಇತ್ತು. ಸುತ್ತ ಹಸಿರು ಗಾಜಿನ ಚೂರು. ಹೆಣ ಬರುವ ತನಕ ತಡಿ ಎಂದು ಸುಮಿತ್ರವ್ವ ಕೈ ಹಿಡಿದರೂ ಕೇಳದೆ, ಎರಡೂ ಕೈಯ ಬಳೆಗಳನ್ನು ಬಾಗಿಲ ಹೊಸ್ತಿಲಿಗೆ ತಾವೇ ಬಡಿದುಕೊಂಡಿದ್ದರು. ಎಡಗೈ ಮಣಿಕಟ್ಟಿನಿಂದ ರಕ್ತ ಇಳಿಯುತ್ತಿತ್ತು.

"ಬಾಡಿ ಎಲ್ಲೈತಿ?" ಎಂದು ನನ್ನನ್ನು ಕೇಳಿದರು.

ಪೊಟ್ಟಣ ನನ್ನ ಕೈಯಲ್ಲಿತ್ತು. ಚೀಟಿ ಓದಿದೆ. ಅಮೃತವ್ವ ಗೋಣೆಪ್ಪ, ಶಿಗ್ಲಿ. ಬಾಡಿ, ಒಂದು. ಅಂಗಡಿಯವರು ಬ್ರಾಕ್ಕೆ ಅನ್ನುವ ಹೆಸರು ಇದೇ.

ಅಷ್ಟರಲ್ಲಿ ಗಂಡನೇ ಆಸ್ಪತ್ರೆಯಿಂದ ಬೇರೆ ಯಾರದೋ ಫೋನಿನಲ್ಲಿ ಬಟನ್ ಫೋನಿಗೆ ಕರೆ ಮಾಡಿದರು. ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ಅಪ್ಪ ತಟ್ಟೆ ಸರಿಸಿದ್ದಾರೆ, ಸಂಜೆಗೆ ಮನೆಯಿಂದಲೇ ಏನಾದರೂ ತಾ ಎಂದರು. ಹಿಂದಿನಿಂದ ಮಾವನವರು ಬೈಯುವುದು ಅಂಗಳಕ್ಕೆಲ್ಲ ಕೇಳಿತು.

ಮೊದಲು ನಕ್ಕವರು ಈಶಪ್ಪನವರು. ಆಮೇಲೆ ಎಲ್ಲರೂ. ಸುಮಿತ್ರವ್ವ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಳು. ನನಗೂ ನಗು ಬಂತು. ಅತ್ತೆಯವರು ಮಾತ್ರ ತಮ್ಮ ಬರಿಗೈ ನೋಡುತ್ತ ಕೂತಿದ್ದರು.

ಫೆಬ್ರವರಿ ೨೦, ಗುರುವಾರ

ಬಳೆಗಾರ ಅಶ್ಫಾಕನನ್ನು ಬೆಳಿಗ್ಗೆಯೇ ಲಕ್ಷ್ಮೇಶ್ವರದಿಂದ ಕರೆಸಿದೆ. ಅತ್ತೆಯವರು ಕೈ ಚಾಚಿದರು, ಮುಖ ಆ ಕಡೆ. ಅದೇ ಹಸಿರು, ಅದೇ ಲೆಕ್ಕ. ಮಣಿಕಟ್ಟಿನ ಗಾಯ ಬಳೆಯ ಸಾಲಿನ ಹಿಂದೆ ಅಡಗಿತು.

ಅವನು ಹೋದ ಮೇಲೆ ಹೇಳಿದರು: "ಗಂಡ ಇದ್ದಾಗ ಬಳಿ ಒಡಕೊಂಡಾಕಿ ನಾ. ಇನ್ನ ಅವರಿಗೆ ಏನರ ಆದ್ರ ನನ್ನ ಕೈಯಿಂದನ ಆತು."

"ನೀವು ಬೇಕಂತ ಮಾಡಿದ್ರೇನ ಅತ್ತಿ? ನನ್ನ ತಪ್ಪು. ನಾ ಆ ಚೀಟಿ ಓದಿದ್ದೆ."

"ಅದಲ್ಲ." ಹೊಸ ಬಳೆಗಳನ್ನು ಒಂದೊಂದಾಗಿ ಸರಿಸಿದರು. "ನಂಗ ಅಳು ಬರಲಿಲ್ಲ ಭಾಗ್ಯಾ. ಬಳಿ ಒಡಕೊಂಡ್ನಿ, ಅಳು ಬರಲಿಲ್ಲ. ಸುಮಿತ್ರಾಗ ಒಂದ್ ಕಪ್ ಚಾ ತಾ ಅಂದ್ನಿ. ಸಕ್ರಿ ಜಾಸ್ತಿ ಹಾಕು ಅಂದ್ನಿ. ಕುಂತು, ಆರಾಮಾಗಿ, ಪೂರ್ತಿ ಕುಡದ್ನಿ."

ಈ ಮನೆಯಲ್ಲಿ ಅವರು ಕೂತು ಚಹಾ ಕುಡಿದದ್ದನ್ನು ನಾನು ನೋಡಿಲ್ಲ. ಮಾವನವರ ಕಪ್ಪು ಖಾಲಿಯಾಗುವುದನ್ನು ಕಾಯುತ್ತ, ಒಲೆಯ ಮುಂದೆ ನಿಂತು, ಆರಿದ್ದನ್ನು ಎರಡು ಗುಟುಕಿಗೆ ಮುಗಿಸುತ್ತಾರೆ.

ಪೊಟ್ಟಣ ಕೊಟ್ಟರೆ ಮುಟ್ಟಲಿಲ್ಲ. "ಹೆಣದ ಹೆಸರಿಂದು ನಾ ತೊಡಂಗಿಲ್ಲ" ಎಂದರು. ಟ್ರಂಕಿನಲ್ಲಿಟ್ಟೆ.

ಫೆಬ್ರವರಿ ೨೪, ಸೋಮವಾರ

ಮಾವನವರು ಮನೆಗೆ ಬಂದರು. ಪಡಸಾಲೆಯಲ್ಲಿ ಮಂಚ. ದಿನಕ್ಕೆ ಆರು ಸಲ ಎಬ್ಬಿಸಬೇಕು, ವಾಕರ್ ಹಿಡಿಸಬೇಕು. ನಾನು ಎಬ್ಬಿಸಲು ಹೋದರೆ "ಸೊಸಿ ಕೈಲೆ ಎಬ್ಬಿಸ್ಕೊಳ್ಳೂದೇನ" ಎನ್ನುತ್ತಾರೆ. ನನ್ನ ಗಂಡ ಬೆಳಕಾಗುವ ಮೊದಲೇ ಕೆಲಸಕ್ಕೆ ಹೋಗುತ್ತಾರೆ, ಅತ್ತೆಯೇ ಆಗಬೇಕು.

ಓಣಿಯ ಮೂವತ್ತು ಜನರೂ ಬಂದು ಮಾತಾಡಿಸಿ ಹೋದರು. ಬಳೆ ಒಡೆದದ್ದರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ. ಶಿಗ್ಲಿಯಲ್ಲಿ ಇದು ದೊಡ್ಡ ಮಾತು.

"ಬಳಿ ಹೊಸಾವು ಕಾಣತಾವು?" ಎಂದು ಮಾವನವರು ಕೇಳಿದರು.

"ಹಳೇವು ಒಡದುವು" ಎಂದರು ಅತ್ತೆ. ಅದು ಸುಳ್ಳಲ್ಲ.

ಫೆಬ್ರವರಿ ೨೭, ಗುರುವಾರ

ರಾತ್ರಿ ಮಾವನವರಿಗೆ ಕೆಮ್ಮು. ಅತ್ತೆ ಎದ್ದೆದ್ದು ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಾರೆ.

ಮಾರ್ಚ್ ೪, ಮಂಗಳವಾರ

ಬಿಸಿಲು ಜೋರಾಗಿದೆ. ಬೆವರಿಗೆ ಗಂಟು ಜಾರುತ್ತದೆ. ಇವತ್ತು ಬೆಳಿಗ್ಗೆ ಎಬ್ಬಿಸುವಾಗ ಮತ್ತೆ ಬಿಚ್ಚಿತು. ಅಂಗಳದಲ್ಲಿ ಈಶಪ್ಪನವರು ನಿಂತಿದ್ದರು. ಅತ್ತೆಯ ಕೈ ತಾನೇ ಎದೆಗೆ ಹೋಯಿತು, ಮಾವನವರು ಮಂಚದ ಅಂಚಿಗೆ ಬಿದ್ದರು. ನಾನು ಓಡಿಬಂದು ಹಿಡಿದೆ. ಮುರಿದ ಕಡೆ ಬಿದ್ದಿದ್ದರೆ?

ಅವರು ಬೈದದ್ದನ್ನು ಬರೆಯುವುದಿಲ್ಲ. ಲಕ್ಷ್ಮೇಶ್ವರಕ್ಕೆ ಒಯ್ದು ಎಕ್ಸ್‌ರೇ ತೆಗೆಸಿದೆವು. ಏನೂ ಆಗಿಲ್ಲ. ಹಿಂದಿರುಗುವಾಗ ಗಾಡಿಯಲ್ಲಿ ಅತ್ತೆ ಉದ್ದಕ್ಕೂ ಬಳೆಗಳನ್ನು ಸೆರಗಿನಿಂದ ಮುಚ್ಚಿ ಹಿಡಿದುಕೊಂಡಿದ್ದರು. ನನಗೆ ಅವರನ್ನು ಕಂಡು ಪಾಪ ಅನ್ನಿಸಿತು. ಸಿಟ್ಟೂ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ.

ಮಾರ್ಚ್ ೫, ಬುಧವಾರ

ಬೆಳಿಗ್ಗೆ ಅಡುಗೆಮನೆಗೆ ಬಂದು, "ಆ ಟ್ರಂಕಿನ್ಯಾಗಿಂದು ಕೊಡು" ಎಂದರು. "ಇನ್ನೊಮ್ಮೆ ಕೈ ಬಿಟ್ಟೆ ಅಂದ್ರ ಖರೇನ ಹೆಣ ಆಗ್ತಾರ."

ಬಾಗಿಲು ಹಾಕಿ ತೊಡಿಸಿದೆ. ಮೊದಲು ತೋಳು, ಆಮೇಲೆ ಸ್ವಲ್ಪ ಬಗ್ಗಿ ಎದೆಯನ್ನು ಒಳಗೆ ಕೂರಿಸುವುದು, ಆಮೇಲೆ ಕೆಳಗಿನ ಹುಕ್ಕಿನಿಂದ ಶುರು. ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಹೋಗಬೇಕು. ಹೆಗಲ ಪಟ್ಟಿ ಸಡಿಲಿಸಿದೆ. ಮೇಲೆ ಎಂದಿನ ಕುಪ್ಪಸ.

ಕೈ ಎತ್ತಿದರು. ಇಳಿಸಿದರು. ಎರಡೂ ಕೈ ಎತ್ತಿ ಮಾಡಿನ ಗಳಕ್ಕೆ ನೇತುಹಾಕಿದ್ದ ಬುಟ್ಟಿಯನ್ನು ಸುಮ್ಮನೆ ಇಳಿಸಿ, ಮತ್ತೆ ಅಲ್ಲೇ ಹಾಕಿದರು.

"ಕುಣಿದ್ರೂ ಏನೂ ಆಗಂಗಿಲ್ಲ ಬಿಡು" ಎಂದರು.

ಎಂಟಕ್ಕೆ ಮಾವನವರನ್ನು ಎಬ್ಬಿಸಿದರು. ಒಂದೇ ಎತ್ತಿಗೆ.

ಮಾರ್ಚ್ ೯, ಭಾನುವಾರ

ಅತ್ತೆ ಎಲ್ಲ ಬಟ್ಟೆಯಂತೆ ಅದನ್ನೂ ಕಲ್ಲಿಗೆ ಎತ್ತಿ ಒಗೆದಿದ್ದಾರೆ! ಒಂದು ಹುಕ್ಕು ಚಪ್ಪಟೆಯಾಗಿದೆ. ಇಕ್ಕಳದಿಂದ ಸರಿ ಮಾಡಿದೆ. ನೆನೆಸಬೇಕು, ಕೈಯಲ್ಲಿ ಕಿವುಚಬೇಕು, ಹಿಂಡಬಾರದು, ಟವೆಲಿನಲ್ಲಿ ಒತ್ತಿ ನೀರು ತೆಗೆಯಬೇಕು ಎಂದು ತೋರಿಸಿದೆ.

"ಕೂಸಿನ ಬಾಣಂತನ ಮಾಡಿದಂಗ ಆತಲ್ಲ" ಎಂದರು.

ಕಾಂಚನಾಗೆ ಫೋನು ಮಾಡಿ ಇನ್ನೆರಡು ಹೇಳಿದೆ. ಚೀಟಿಯ ಮೇಲೆ ಸೀರೆ ಎಂದು ಬರೆಯಲು ಹೇಳಿದೆ.

ಮಾರ್ಚ್ ೨೧, ಶುಕ್ರವಾರ

ಅಮೃತವ್ವನ ಎದೆಯ ಕೆಳಗಿನ ಬೆವರುಸಾಲೆ ಕಡಿಮೆಯಾಗಿತ್ತು, ಈಗ ಮತ್ತೆ ಎದ್ದಿದೆ. ನೋಡಿದರೆ ಬ್ರಾ ಹಸಿ, ಮುಗ್ಗಲು ವಾಸನೆ. ಎಲ್ಲಿ ಒಣಗಿಸುತ್ತೀರಿ ಎಂದು ಕೇಳಿದೆ. ಬಚ್ಚಲ ಹಿಂದೆ ಕರೆದೊಯ್ದು ತೋರಿಸಿದರು. ನನ್ನ ಗೂಟದ ಪಕ್ಕದಲ್ಲಿ ಇನ್ನೊಂದು ಗೂಟ, ಮೇಲೆ ಇನ್ನೊಂದು ಹಳೆ ಲಂಗ.

"ಇಲ್ಲಿ ಬಿಸಲ ಬೀಳಂಗಿಲ್ರಿ. ಹಸೀದು ತೊಟ್ರ ತುರಸ್ತೈತಿ."

"ನಿಂಗೂ ಹಿಂಗ ಆಗಿತ್ತೇನ?"

"ಹನ್ನೆರಡ ವರ್ಷದಿಂದ ಐತಿ."

ಅವರು ನನ್ನ ಲಂಗವನ್ನು ಎತ್ತಿ, ಕೆಳಗಿದ್ದದ್ದನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಕೋಲು ತರಲಿಲ್ಲ. ಒಳಗೆ ಹೋದರು.

ಏಪ್ರಿಲ್ ೨, ಬುಧವಾರ

ಎದ್ದು ಬಂದಾಗ ಅಂಗಳದ ತಂತಿಯ ಮೇಲೆ ಐದು ನೇತಾಡುತ್ತಿದ್ದವು. ಮೂರು ಅಮೃತವ್ವನವು, ಎರಡು ನನ್ನವು. ಪಟ್ಟಿ ಹಿಗ್ಗದಂತೆ ಮಧ್ಯದಲ್ಲಿ ಮಡಚಿ ಹಾಕಿದ್ದಳು, ಹುಕ್ಕುಗಳನ್ನು ಹಚ್ಚಿ. ನಾನು ಹೇಳಿಕೊಟ್ಟದ್ದು ಒಂದೂ ಮರೆತಿಲ್ಲ. ಮೇಲೆ ಲಂಗವಿಲ್ಲ, ಟವೆಲಿಲ್ಲ. ಏಳೂವರೆಯ ಬಿಸಿಲು ನೇರ ಬೀಳುತ್ತಿತ್ತು.

ಮಾವನವರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಪಡಸಾಲೆಯಿಂದ ತಂತಿ ನೆಟ್ಟಗೆ ಕಾಣುತ್ತದೆ.

"ಏ ಇಕಿ. ಅದೇನ ಅದು ತಂತಿ ಮ್ಯಾಲೆ?"

ಅಮೃತವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಬಾಡಿ" ಎಂದಳು.

"ಯಾರದ?"

"ನಿಮ್ಮದು ಅಂತ ತಿಳ್ಕೊಂಡು ಬಳಿ ಒಡಕೊಂಡಿದ್ನಿ. ಬಿಚ್ಚಿ ನೋಡಿದ್ರ ನಂದು."

ಮತ್ತೆ ಎಲ್ಲವನ್ನೂ ಹೇಳಿದಳು. ಫೋನು, ಕಂಡಕ್ಟರು, ಮೂವತ್ತು ಜನ, ಕುಣಿಯ ಜಾಗ. ದನಿ ಏರಿಸಲಿಲ್ಲ, ಇಳಿಸಲಿಲ್ಲ. ಮಾವನವರು ಅವಳ ಮಣಿಕಟ್ಟು ನೋಡಿದರು. ಈಗ ಬೈಯುತ್ತಾರೆ, ಈಗ ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದೆ.

"ಅಳಲಿಲ್ಲೇನ?" ಎಂದು ಕೇಳಿದರು. ಅವರ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿರಲಿಲ್ಲ.

"ಇಲ್ಲ. ಚಾ ಕುಡದ್ನಿ."

ಅಮೃತವ್ವ ಸೆರಗಿಗೆ ಕೈ ಒರೆಸಿಕೊಂಡು ಮಂಚದ ಹತ್ತಿರ ಹೋಗಿ, ಬಗ್ಗಿ, ತೋಳುಗಳನ್ನು ಮುಂದೆ ಮಾಡಿ ನಿಂತಳು. ಅವರು ಕೂಡಲೇ ಹಿಡಿಯಲಿಲ್ಲ. ಅವಳ ಮುಖ ನೋಡಿದರು. ಆಮೇಲೆ ಎರಡೂ ಕೈಗಳನ್ನು ಅವಳ ಕುತ್ತಿಗೆಗೆ ಹಾಕಿದರು.

"ಕೈ ಬಿಡಬ್ಯಾಡ ಅಮೃತಾ" ಎಂದರು.

ಎಂಟು ಗಂಟೆಯ ಮಾತ್ರೆಯನ್ನು ನಾನು ಮರೆತೇ ಬಿಟ್ಟೆ. ಎಂಟೂವರೆಗೆ ಕೊಟ್ಟದ್ದಾಯಿತು. ಚಹಾ ಮೂರು ಕಪ್ಪು ಮಾಡಿದೆ, ಬಿಸಿಯಿದ್ದಾಗಲೇ ಮೂವರೂ ಕೂತು ಕುಡಿದೆವು.